ಐದು ಕೊಳವೆ ಕೆಸರು

ಕೆಸರಿಗೂ ಹುಟ್ಟೂರು ಇರುತ್ತದೆ ಎಂದು ಜರಡಿಯಕ್ಕನಿಗೆ ಮೊದಲು ಹೇಳಿದವರು ದಶಾಂಶ ಸಾಹೇಬರು. ಅಳಿವೆಯ ತಳದ ಕಪ್ಪು ಹೂಳು ಕಣ್ಣಿಗೆ ಎಲ್ಲ ಒಂದೇ. ಆದರೆ ಅದರಲ್ಲಿ ಕೊಳೆತು ಸೇರಿಕೊಂಡದ್ದೆಲ್ಲ ಎಲ್ಲಿಂದಲೋ ಬಂದದ್ದು. ನದಿ ಹೊತ್ತು ತಂದ ಎಲೆ ಕಡ್ಡಿ, ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸತ್ತ ಪಾಚಿ, ಊರಿನ ಕಕ್ಕಸುಗಳಿಂದ ಇಳಿದದ್ದು, ಕಾಗದದ ಕಾರ್ಖಾನೆ ಹೊರಗೆ ಬಿಟ್ಟ ಮರದ ನಾರು. ಮರದ್ದಾದರೆ ಇಂಗಾಲ ಬಹಳ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಪಾಚಿಯಲ್ಲಿ ಸಾರಜನಕ ಧಾರಾಳ. ಮನುಷ್ಯರದ್ದಾದರೆ ಕರುಳಿನಲ್ಲಿ ಹುಟ್ಟುವ ಒಂದು ಬಗೆಯ ಕೊಬ್ಬು ಸಿಕ್ಕಿಬೀಳುತ್ತದೆ. ಒಣಗಿಸಿದ ಕೆಸರಿನ ಚಿಟಿಕೆ ಪುಡಿ ಹಾಕಿದರೆ ಸಾಕು, ಯಾವುದು ಯಾರ ಮನೆಯ ಹೊಲಸು ಎಂದು ಯಂತ್ರ ಯಾರ ಮುಖ ಮೋರೆಯನ್ನೂ ನೋಡದೆ ಹೇಳಿಬಿಡುತ್ತದೆ.

ಸಾಹೇಬರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಾಯಿ ಬಿಟ್ಟರೆ ಬಿಂದುವಿನ ಮುಂದೆ ಎರಡು ಅಂಕಿಯಾದರೂ ಉದುರಬೇಕು. ಜ್ವರ ಬಂದರೆ ನೂರಾ ಒಂದು ಎನ್ನುವವರಲ್ಲ, ನೂರಾ ಒಂದು ಬಿಂದು ನಾಲ್ಕು ಎರಡು ಎಂದು ನರಳುವವರು. ಜರಡಿಯಕ್ಕನ ಹೆಸರಿಗೆ ಅಂಥ ಕಥೆಯೇನೂ ಇಲ್ಲ. ಹದಿನಾಲ್ಕು ವರ್ಷದಿಂದ ಆ ಪ್ರಯೋಗಾಲಯದಲ್ಲಿ ಕೆಸರು ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು ಅವಳ ಕೆಲಸ. ಪುಡಿ ಯಂತ್ರದೊಳಗೆ ಹೋದ ಮೇಲೆ ಅದು ವಿಜ್ಞಾನ. ಅಲ್ಲಿಯ ತನಕ ಬರೀ ಕೆಸರು, ಜರಡಿಯಕ್ಕನ ತಲೆನೋವು.

ಕೆಸರೇನೂ ಅವಳಿಗೆ ಹೊಸದಲ್ಲ. ಅಪ್ಪ ಅಳಿವೆಯಲ್ಲಿ ಕಪ್ಪೆಚಿಪ್ಪು ಹೆಕ್ಕಿ ಸಾಕಿದ ಮಗಳು ಅವಳು. ನಡೆಯಲು ಕಲಿತದ್ದೇ ನೀರಿಳಿದ ದಂಡೆಯ ಮೇಲೆ. ಕಾಲ ಹೆಬ್ಬೆರಳಿಗೆ ಗಟ್ಟಿ ತಾಗಿದರೆ ಅದು ಕಲ್ಲೋ ಚಿಪ್ಪೋ ಎಂದು ಬಗ್ಗಿ ನೋಡದೆ ಹೇಳಬಲ್ಲಳು. ಚಿಪ್ಪಿನ ಪ್ರಾಣಿ ಕೆಸರಿನಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕುತ್ತಿಗೆ ಮೇಲೆ, ಕಾಲು ಕೆಳಗೆ. ಬೆಳೆದವು ಮೊಳಕೈ ಆಳದಲ್ಲೂ ಇರಬಹುದು, ಮರಿಗಳು ಮಾತ್ರ ಎರಡು ಬೆರಳಿಗಿಂತ ಕೆಳಗೆ ಇಳಿಯುವುದಿಲ್ಲ. ಇಳಿದರೆ ಉಸಿರು ಕಟ್ಟಿ ಸಾಯುತ್ತವೆ.

ಹೇಗೂ ಸಾಯುತ್ತಲೇ ಇದ್ದವು ಅನ್ನಿ. ಕಾಗದದ ಕಾರ್ಖಾನೆ ಬಂದು ಇಪ್ಪತ್ತನಾಲ್ಕು ವರ್ಷ. ಅದರ ಕೊಳವೆ ಅಳಿವೆಗೆ ಬಾಯಿ ತೆರೆದು ಕಂದು ನೀರು ಕಕ್ಕತೊಡಗಿದ ಮೇಲೆ ದಂಡೆಗಳು ಒಂದೊಂದಾಗಿ ಕಪ್ಪಾದವು. ಕೊಳೆತ ಮೊಟ್ಟೆಯ ನಾತ ಊರಿನ ಬಟ್ಟೆಬರೆಗೂ ಹತ್ತಿಕೊಂಡಿತು. ನಲವತ್ತು ಮನೆಯವರು ಹೆಕ್ಕುತ್ತಿದ್ದ ಜಾಗದಲ್ಲಿ ಈಗ ಕಡಲ ಬಾಯಿಯ ಬಳಿ ಮಾತ್ರ ಒಂದಿಷ್ಟು ಜೀವ ಉಳಿದಿತ್ತು. ಕೊನೆಗೆ ಅವರೆಲ್ಲ ಸೇರಿ ಅರ್ಜಿ ಹಾಕಿದರು: ಕೊಳವೆ ಮುಚ್ಚಿಸಿ, ಇಲ್ಲವೇ ನೀರು ತೊಳೆದು ಬಿಡಿಸಿ. ಮೊದಲ ಸಹಿ ಅಪ್ಪನದು. ವಿಚಾರಣಾ ಸಮಿತಿ ಕೂತಿತು. ಕೆಸರಿನಲ್ಲಿ ಕೊಳೆಯುತ್ತಿರುವುದು ಯಾರದು ಎಂದು ಪತ್ತೆ ಮಾಡಿ ಎಂದು ಪ್ರಯೋಗಾಲಯಕ್ಕೆ ಬರೆಯಿತು.

ಕೆಸರು ತೆಗೆಯಲು ದೋಣಿ ಬೇಕು. ಅಳಿವೆಯ ಮರಳುದಿಬ್ಬಗಳ ನಡುವೆ ಎಲ್ಲಿಯೂ ಸಿಕ್ಕಿಹಾಕಿಕೊಳ್ಳದೆ ದೋಣಿ ನಡೆಸುವವನು ಆ ದಡದಲ್ಲಿ ಒಬ್ಬನೇ. "ಗೊತ್ತಿರೋ ದೋಣಿಯವರು ಯಾರಾದ್ರೂ ಇದ್ದಾರೇನಮ್ಮ?" ಎಂದು ಸಾಹೇಬರು ಕೇಳಿದಾಗ ಜರಡಿಯಕ್ಕ ಅಪ್ಪನ ಹೆಸರು ಹೇಳಿದಳು. ಅರ್ಜಿಯಲ್ಲಿ ಅವನ ಸಹಿ ಇದೆಯೇ ಎಂದು ಸಾಹೇಬರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಆ ಹೊತ್ತಿಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ.

ಹಿಂದಿನ ದಿನ ಅವಳು ಅಪ್ಪನನ್ನು ಕೂರಿಸಿಕೊಂಡು ಪಾಠ ಮಾಡಿದ್ದಳು.

"ನೋಡಪ್ಪ, ಕೊಳವೇನ ಕೆಸರಿಗೆ ಚುಚ್ಚಿ ಮೇಲಕ್ಕೆತ್ತುತಾರೆ. ಮೇಲಿನ ಕೆಸರು ಹೊಸದು, ಕೆಳಗಿಂದು ಹಳೇದು. ಅದು ಕಲಸಿಹೋಗಬಾರದು, ಅಡ್ಡ ಮಲಗಿಸಬಾರದು. ಕೊಳವೆ ಮೇಲೆ ಬಾಣ ಬರ್ದಿರ್ತಾರೆ. ಬಾಣ ಯಾವಾಗ್ಲೂ ಮೇಲಕ್ಕೇ ಇರಬೇಕು. ಏನೇ ಆಗ್ಲಿ, ಬಾಣ ಮೇಲಕ್ಕೆ."

"ಎಷ್ಟು ಸಲ ಹೇಳ್ತೀಯೇ?" ಅಪ್ಪನಿಗೆ ರೇಗಿತ್ತು. "ಐವತ್ತು ವರ್ಷ ಕೆಸರಲ್ಲಿ ಬಿದ್ದೆದ್ದಿದ್ದೀನಿ. ಐದು ಕೊಳವೆ ಹೊತ್ಕೊಂಡು ಬರೋಕೆ ನಿನ್ನತ್ರ ಟ್ಯೂಷನ್ನಾ?"

ಮರುದಿನ ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಮಂಜುಗಡ್ಡೆ ಪೆಟ್ಟಿಗೆ ಇಟ್ಟುಕೊಂಡು ಕಾಯುತ್ತಿದ್ದಳು. ದೋಣಿ ಬಂತು. ಸಾಹೇಬರು ಮುಂಭಾಗದಲ್ಲಿ ತಲೆ ಹಿಡಿದುಕೊಂಡು ಮುದುಡಿ ಕೂತಿದ್ದರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಅವರ ಮುಖ ಬಿಳಿಚಿಹೋಗಿತ್ತು. ಎಷ್ಟು ಸಲ ಎಂದು ಕೇಳಿದ್ದರೆ ಅದಕ್ಕೂ ಬಿಂದು ಹಾಕುತ್ತಿದ್ದರೋ ಏನೋ. ಹಿಂಭಾಗದಲ್ಲಿ ಐದೂ ಕೊಳವೆಗಳು ಹಗ್ಗ ಬಿಗಿಸಿಕೊಂಡು ನೆಟ್ಟಗೆ ನಿಂತಿದ್ದವು. ಬಾಣಗಳೆಲ್ಲ ಮೇಲಕ್ಕೆ. ಅಪ್ಪ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಇಳಿಸಿದ. ಜರಡಿಯಕ್ಕ ಗುರುತು ನೋಡಿದಳು, ರಿಜಿಸ್ಟರಿನಲ್ಲಿ ಬರೆದಳು, ಸಹಿ ಹಾಕಿದಳು. ಅದೇ ದಿನ ಕೊಳವೆಗಳು ಫ್ರೀಜರಿನಲ್ಲಿ ಕಲ್ಲಾದವು.

ನಾಲ್ಕನ್ನು ಗರಗಸದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಪರೀಕ್ಷೆ ಮಾಡಿದರು. ಹೆಪ್ಪುಗಟ್ಟಿದ ಕೆಸರಿನಲ್ಲಿ ಮೆತ್ತಗಿನದು ಯಾವುದು, ಗಟ್ಟಿ ಯಾವುದು ಎಂದು ತಿಳಿಯುವುದಿಲ್ಲ, ಎಲ್ಲವೂ ಕಲ್ಲು. ಐದನೆಯದನ್ನು, ಕಡಲ ಬಾಯಿಯ ಬಳಿ ತೆಗೆದದ್ದನ್ನು, ಬೇಕಾದರೆ ಇರಲಿ ಎಂದು ಹಾಗೇ ಇಟ್ಟರು. ಫಲಿತಾಂಶ ಬಂದಾಗ ಸಾಹೇಬರೇ ಕುರ್ಚಿಯಿಂದ ಎದ್ದು ನಿಂತರು. ನಲವತ್ತು ಸೆಂಟಿಮೀಟರ್ ಕೆಸರು, ವರ್ಷಕ್ಕೆ ಅರ್ಧ ಸೆಂಟಿಮೀಟರಿನಂತೆ ಎಂಬತ್ತು ವರ್ಷದ ಲೆಕ್ಕ. ಮೇಲಿನ ಪದರಗಳಲ್ಲಿ ಮರದ ನಾರಿನ ಸುಳಿವೇ ಇಲ್ಲ. ತಳದ ಹನ್ನೆರಡು ಸೆಂಟಿಮೀಟರಿನಲ್ಲಿ ಮಾತ್ರ ಅದು ಕಿಕ್ಕಿರಿದು ತುಂಬಿದೆ. ಅಂದರೆ ಕಾರ್ಖಾನೆಯ ಅಡಿಗಲ್ಲು ಇಡುವುದಕ್ಕೂ ಮೂವತ್ತು ವರ್ಷ ಮೊದಲೇ ಬಂದು ಕೂತ ನಾರು ಅದು.

"ಸರ್, ಹಾಗಾದ್ರೆ ಈಗ ನಾರ್ತಿರೋದು ಏನು?" ಎಂದು ಜರಡಿಯಕ್ಕ ಕೇಳಿದಳು.

"ಮೂಗಿನ ಮಾತು ಬಿಡಮ್ಮ. ನಾಲ್ಕು ಕೊಳವೆ ನಾಲ್ಕು ಕಡೆಯವು. ನಾಲ್ಕೂ ಒಂದೇ ಮಾತು ಹೇಳ್ತಿವೆ. ಇದಕ್ಕಿಂತ ಸಾಕ್ಷಿ ಬೇಕಾ?"

ವರದಿ ಹೋಯಿತು. ಮರದ ಅಂಶವೆಲ್ಲ ಹಿಂದಿನ ಕಾಲದ ನೆರೆಯಲ್ಲಿ ಕಾಡಿನಿಂದ ಬಂದದ್ದು, ಕಾರ್ಖಾನೆಯ ಪಾಲು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಚಿಪ್ಪು ಕಡಿಮೆಯಾಗಲು ಜನ ಮಿತಿಮೀರಿ ಹೆಕ್ಕಿದ್ದೇ ಕಾರಣವಿರಬಹುದು. ಕೊಳವೆಗಳಿಗೆ 'ನನ್ನ ಸ್ವಂತ ಮೇಲ್ವಿಚಾರಣೆಯಲ್ಲಿ' ಗುರುತು ಹಾಕಲಾಯಿತು ಎಂದೂ ಸಾಹೇಬರು ಬರೆದಿದ್ದರು. ಸಮಿತಿ ಅದನ್ನು ಓದಿ ಎರಡು ಪ್ರಸ್ತಾಪ ಮುಂದಿಟ್ಟಿತು: ಎರಡು ವರ್ಷ ಯಾರೂ ಚಿಪ್ಪು ಹೆಕ್ಕಬಾರದು, ಕಾರ್ಖಾನೆ ಇನ್ನೊಂದು ಕೊಳವೆ ಹಾಕಿಕೊಳ್ಳಬಹುದು. ಕೊನೆಯ ವಿಚಾರಣೆಗೆ ದಿನ ಗೊತ್ತಾಯಿತು.

ಆ ದಿನ ಅವಳು ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ಹಿಡಿದುಕೊಂಡ.

"ಎಷ್ಟಕ್ಕೆ ಮಾರಿದ್ರಂತೆ ನಿಮ್ಮ ಯಂತ್ರಾನ?"

"ಅಪ್ಪ, ಯಂತ್ರ ಸುಳ್ಳು ಹೇಳಲ್ಲ."

"ಹಂಗಾದ್ರೆ ನಾನು ಸುಳ್ಳಾ? ನನ್ನ ಮೂಗು ಸುಳ್ಳಾ? ನನ್ನ ಕಾಲು ಕೊಳೀತಿರೋದು ಸುಳ್ಳಾ?" ಪಂಚೆ ಎತ್ತಿ ಹುಣ್ಣಾದ ಬೆರಳ ಸಂದು ತೋರಿಸಿದ. "ಹೆಕ್ಕಿ ಹೆಕ್ಕಿ ಖಾಲಿ ಮಾಡಿದ್ವಂತೆ. ಮರಿ ಸಿಕ್ರೆ ವಾಪಸ್ ಹೂತು ಬರೋರು ಕಣೇ ನಾವು! ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಆ ದಿನದಿಂದ ಅವಳು ಬಡಿಸಿದ್ದನ್ನು ಅವನು ತಲೆಯೆತ್ತದೆ ಉಂಡು ಏಳತೊಡಗಿದ. ನೆರೆಯವರು ಬಂದರೆ ಮಾತ್ರ ನಾಲಿಗೆಗೆ ಜೀವ ಬರುತ್ತಿತ್ತು. "ನನ್ನ ಕಡೆಯಿಂದ ಕೂದಲಷ್ಟು ತಪ್ಪಿಲ್ಲ. ಸಾಹೇಬ ಸತ್ತೋನ ಥರ ಬಿದ್ದಿದ್ದ. ಐದು ಕೊಳವೇನೂ ಮಗು ಥರ ತಂದೆ. ಅಲ್ಲಿಂದ ಮುಂದೆ ಏನು ಮಾಡಿದ್ರೋ ಅವರಪ್ಪನಾಣೆ ಗೊತ್ತಿಲ್ಲ." ಈ ಮಾತು ಒಳಕೋಣೆಗೂ ಕೇಳಲಿ ಎಂದು ದನಿ ಏರಿಸಿ ಹೇಳುತ್ತಿದ್ದ.

ವಿಚಾರಣೆಗೆ ಐದು ದಿನ ಇರುವಾಗ, ಒಂದು ಬುಧವಾರ ಬೆಳಗ್ಗೆ, ಫ್ರೀಜರ್ ಖಾಲಿ ಮಾಡು ಎಂದು ಜರಡಿಯಕ್ಕನಿಗೆ ಅಪ್ಪಣೆಯಾಯಿತು. ವರದಿ ಹೋಗಿ ತಿಂಗಳಾದ ಮೇಲೆ ಉಳಿದ ಕೆಸರು ಎಸೆಯಬೇಕು, ಅದು ಅಲ್ಲಿನ ಕ್ರಮ. ಐದನೆಯ ಕೊಳವೆಯನ್ನು ತೊಟ್ಟಿಯಲ್ಲಿ ಅಡ್ಡ ಮಲಗಿಸಿ ಕರಗಲು ಬಿಟ್ಟಳು. ಊಟದ ಹೊತ್ತಿಗೆ ಕರಗಿತ್ತು. ಬಾಣದ ತುದಿಯ ಕಡೆಯ ಮುಚ್ಚಳ ತೆಗೆದು ಕೈ ಹಾಕಿದಳು.

ಬೇರೆ ಯಾರಾದರೂ ಆಗಿದ್ದರೆ ತೊಟ್ಟಿಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಚಿಪ್ಪು ಹೆಕ್ಕುವವನ ಮಗಳು, ಬೆರಳಾಡಿಸದೆ ಕೆಸರನ್ನು ಬಿಟ್ಟವಳಲ್ಲ. ಮೇಲಿನದು ಅನ್ನಿಸಿಕೊಂಡ ಆ ತುದಿಯ ಕೆಸರು ಬೂದು ಬಣ್ಣಕ್ಕಿತ್ತು. ಉಗುರು ಇಳಿಯಲಿಲ್ಲ. ನಿನ್ನೆ ಮೊನ್ನೆ ಬಂದು ಕೂತ ಹೂಳು ಎಲ್ಲಾದರೂ ಇಷ್ಟು ಗಟ್ಟಿಯಿರುತ್ತದೆಯೇ? ಜರಡಿಯಕ್ಕ ಕೊಳವೆ ತಿರುಗಿಸಿ ಇನ್ನೊಂದು ತುದಿಯ ರಬ್ಬರ್ ಬಿರಡೆ ಕಿತ್ತಳು. ಗಂಜಿಯಂಥ ಕಪ್ಪು ಕೆಸರು ಅಂಗೈಗೆ ಇಳಿಯಿತು. ಆ ನಾತ ಅವಳಿಗೆ ಚೆನ್ನಾಗಿ ಪರಿಚಯದ್ದು, ಮನೆಯ ಕಿಟಕಿ ತೆರೆದರೆ ಬರುವಂಥದ್ದೇ. ಬೆರಳಿಗೆ ನೂಲಿನಂಥ ನಾರು ಸುತ್ತಿಕೊಂಡಿತು. ಅದರ ನಡುವೆ ಏನೋ ಗಟ್ಟಿ ಸಿಕ್ಕಿತು. ಒಂದು, ಎರಡು, ಮೂರು. ಅಂಗಿಗುಂಡಿಯಷ್ಟು ದೊಡ್ಡ ಕಪ್ಪೆಚಿಪ್ಪಿನ ಮರಿಗಳು. ಚಿಪ್ಪು ಬಿಡಿಸಿದರೆ ಒಳಗೆ ಇನ್ನೂ ಮಾಂಸವಿತ್ತು.

ಎಂಬತ್ತು ವರ್ಷದ ಹಿಂದಿನ ಪದರದಲ್ಲಿ ಮಾಂಸವಿರುವ ಮರಿ! ಎರಡು ಬೆರಳಿಗಿಂತ ಕೆಳಗೆ ಬದುಕದ ಮರಿ, ಮೊಳದ ಆಳದಲ್ಲಿ!

ಜರಡಿಯಕ್ಕ ಬಾಣದ ಗುರುತನ್ನು ಮತ್ತೆ ನೋಡಿದಳು. ಕೊಳವೆ ತಲೆಕೆಳಗಾಗಿತ್ತು. ಇದೊಂದೇ ಅಲ್ಲ, ನಾಲ್ಕೂ ಒಂದೇ ಮಾತು ಹೇಳಿದ್ದವಲ್ಲ, ಐದೂ ತಲೆಕೆಳಗಾಗಿದ್ದವು. ವರದಿಯ ಅಂಕಿಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಮೇಲಿನದನ್ನು ಕೆಳಗೆ ಓದಿದ್ದರು, ಅಷ್ಟೇ. ಆ ಹನ್ನೆರಡು ಸೆಂಟಿಮೀಟರ್ ನಾರು ಕಾರ್ಖಾನೆ ಬಂದ ಮೇಲಿನ ಇಪ್ಪತ್ತನಾಲ್ಕು ವರ್ಷದ್ದು. ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಮೊದಲ ಬಾರಿಗೆ ಅಪ್ಪ ಸರಿ, ಯಂತ್ರವೂ ಸರಿ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಮನೆಗೆ ಓಡೋಡಿ ಬಂದಳು. ಅಪ್ಪ ಅಂಗಳದಲ್ಲಿ ದೋಣಿಯ ಹಲಗೆಗೆ ಟಾರು ಬಳಿಯುತ್ತಿದ್ದ.

"ಅಪ್ಪ, ಅವತ್ತು ಕೊಳವೆ ಹೇಗೆ ತಂದೆ? ಸ್ವಲ್ಪ ಬಿಡಿಸಿ ಹೇಳು."

"ಈಗ ಜ್ಞಾಪಕ ಬಂತಾ ಅಪ್ಪನ್ನ ಕೇಳ್ಬೇಕು ಅಂತ?" ಅಪ್ಪ ಬ್ರಷ್ ಕೆಳಗಿಟ್ಟ. ಕೇಳಿದ್ದು ಅವನಿಗೆ ಇಷ್ಟವೇ ಆಗಿತ್ತು. "ನಿಮ್ಮ ಸಾಹೇಬ ಕೊಳವೆ ಮೇಲೆತ್ತಿ ಬಾಣ ಬರೆದ, ವಾಂತಿ ಮಾಡ್ದ, ಮುಗೀತು ಅವನ ಕಥೆ. ಆಮೇಲೆ ನೋಡ್ತೀನಿ, ಕೆಳಗಿನ ಮುಚ್ಚಳ ಒಂದೂ ಬಿಗಿಯಿಲ್ಲ, ನೀರು ತೊಟ್ಟಿಕ್ತಾ ಇದೆ. ಮೇಲಿನ ರಬ್ಬರ್ ಬಿರಡೆ ಮಾತ್ರ ಕಲ್ಲಿನ ಹಂಗಿದೆ. ಸೋರೋ ಸಾಮಾನನ್ನ ದೋಣೀಲಿ ಹೇಗಿಡ್ತೀವಿ ನಾವು? ಬಿಗಿ ಬಾಯಿ ಕೆಳಗೆ ಮಾಡಿ ಇಡ್ತೀವಿ ತಾನೇ? ಹಂಗೇ ಬೋರಲು ಹಾಕಿ ನಿಲ್ಲಿಸ್ದೆ. ಆಮೇಲೆ ಒಂದು ತೊಟ್ಟು ಸೋರಿದ್ರೆ ಕೇಳು!"

"ಮತ್ತೆ ಬಾಣ?"

"ಅಷ್ಟು ಬುದ್ಧಿ ಇಲ್ವಾ ನನಗೆ? ಬೋರಲು ಹಾಕಿದ್ ಮೇಲೆ ಬಾಣ ಕೆಳಗಾಯ್ತಲ್ಲ. ಏನೇ ಆಗ್ಲಿ ಬಾಣ ಮೇಲಕ್ಕಿರಬೇಕು ಅಂತ ನೀನು ಹೇಳಿದ್ದೆ. ಟಾರು ಒರೆಸೋ ಎಣ್ಣೆ ಬಟ್ಟೇಲಿ ಐದನ್ನೂ ಒರೆಸಿ, ಸಾಹೇಬನ ಪೆನ್ನಲ್ಲೇ ಮೇಲಕ್ಕೆ ಬರೆದೆ. ಅವನಿಗಿಂತ ನೆಟ್ಟಗಿತ್ತು ನನ್ನ ಗೆರೆ."

ಜರಡಿಯಕ್ಕ ಅವನ ಕೈಯನ್ನೇ ನೋಡಿದಳು. ಅಪ್ಪನ ಮುಖದಲ್ಲಿ ತಿಂಗಳಿಂದ ಕಾಣದ ಕಳೆ ಇತ್ತು. "ಯಾಕೆ, ಏನಾಯ್ತು?" ಎಂದು ಕೇಳಿದ. "ಏನಿಲ್ಲಪ್ಪ. ಸುಮ್ಮನೆ ಕೇಳಿದೆ," ಎಂದು ಅವಳು ಒಳಗೆ ಹೋದಳು. ಒಳಗೆ ನೀರು ಕುಡಿದಳು, ಇನ್ನೊಂದು ಲೋಟ ಕುಡಿದಳು.

ಮರುದಿನ ಮೂರು ಮರಿಗಳನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು ಸಾಹೇಬರ ಕೋಣೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಸಾಹೇಬರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು.

"ಎಷ್ಟು ಸಿಕ್ಕಿವೆ?"

"ಮೂರು ಸರ್."

ಬಿಂದುವಿಲ್ಲದ ಅಂಕಿಯನ್ನು ಅವರು ಅವತ್ತು ಹಾಗೇ ಒಪ್ಪಿಕೊಂಡರು. ಎದ್ದು ಹೋಗಿ ಬಾಗಿಲು ಹಾಕಿದರು.

"ದೋಣಿಯವನು ನಿಮ್ಮಪ್ಪ ಅಂತ ಗೊತ್ತಿತ್ತು. ಅರ್ಜಿಯಲ್ಲಿ ಮೊದಲ ಸಹಿ ಯಾರದು?"

ಜರಡಿಯಕ್ಕ ನೆಲ ನೋಡಿದಳು. "ಅಪ್ಪಂದೇ ಸರ್."

"ಅಯ್ಯೋ ದೇವರೇ." ಸಾಹೇಬರು ಕುರ್ಚಿಗೆ ಕುಸಿದರು. "ಕೇಳಿಲ್ಲಿ. ಅರ್ಜಿದಾರನ ಕೈ ಸಾಕ್ಷಿ ಮೇಲೆ ಬಿತ್ತು ಅಂತ ಗೊತ್ತಾದ್ರೆ ಐದು ಕೊಳವೇನೂ ಕಸಕ್ಕೆ ಹೋಗುತ್ತೆ, ಅರ್ಜೀನೂ ಹೋಗುತ್ತೆ. ಸಾಕ್ಷಿ ತಿರುಚಿದ ಅಂತ ನಿಮ್ಮಪ್ಪನ ಮೇಲೆ ಕೇಸು. ನನ್ನ ಮೇಲ್ವಿಚಾರಣೆ ಅಂತ ಬರ್ದಿದ್ದೀನಿ, ನನ್ನ ಮಾನಾನೂ ಹೋಗುತ್ತೆ. ಯಾರಿಗೆ ಲಾಭ ಹೇಳು? ಈ ತಟ್ಟೆ ತೊಳೆದಿಡು. ನೀನು ಏನೂ ನೋಡಿಲ್ಲ, ನಾನು ಏನೂ ಕೇಳಿಲ್ಲ."

ತಟ್ಟೆಯನ್ನು ಅವಳು ತೊಳೆಯಲಿಲ್ಲ. ಫ್ರೀಜರಿನ ಮೂಲೆಯಲ್ಲಿ ಮುಚ್ಚಿಟ್ಟಳು, ಐದನೆಯ ಕೊಳವೆಯಲ್ಲಿ ಉಳಿದದ್ದನ್ನೂ ಪಕ್ಕದಲ್ಲಿಟ್ಟಳು. ಮೂರು ದಿನ ಯೋಚನೆ ಮಾಡಿ ಒಂದು ದಾರಿ ಹುಡುಕಿದಳು. ಸಾಹೇಬರು ಸ್ವಾರ್ಥಕ್ಕೆ ಹೇಳಿದರೂ ಮಾತು ನಿಜವೇ ಇತ್ತು, ಅಪ್ಪನ ಕೈ ಎಲ್ಲಿಯೂ ಕಾಣಬಾರದು. ಕಟ್ಟೆಯ ಮೇಲೆ ಕೊಳವೆ ಇಳಿಸಿಕೊಳ್ಳುವಾಗ ಗುರುತು ಅಳಿಸಿತ್ತು, ತಾನೇ ತಪ್ಪಾಗಿ ಬಾಣ ಬರೆದೆ ಎಂದು ಹೇಳಿಬಿಡುವುದು. ಅದು ಪ್ರಯೋಗಾಲಯದ ತಪ್ಪಾಗುತ್ತದೆ. ಪ್ರಯೋಗಾಲಯದ ತಪ್ಪಾದರೆ ಅಂಕಿಗಳು ಉಳಿಯುತ್ತವೆ, ತಿರುಗಿಸಿ ಓದಿದರೆ ಆಯಿತು. ಅವಳ ಕೆಲಸ ಹೋಗಬಹುದು. ಹೋಗಲಿ, ಅಳಿವೆ ಉಳಿಯುತ್ತದೆ.

ಅಪ್ಪನಿಗೆ ಮೊದಲೇ ಹೇಳಬೇಕು ಎಂದು ಭಾನುವಾರ ಎರಡು ಸಲ ಅವನ ಎದುರು ಹೋಗಿ ಕೂತಳು. ಎರಡು ಸಲವೂ ಯಾರಾದರೊಬ್ಬರು ನೆರೆಯವರು ಅಲ್ಲಿದ್ದರು, ಎರಡು ಸಲವೂ ಅಪ್ಪ ಅದನ್ನೇ ಹೇಳುತ್ತಿದ್ದ: ಈ ಇಡೀ ವ್ಯವಹಾರದಲ್ಲಿ ಶುದ್ಧವಾಗಿ ನಡೆದ ಕೆಲಸ ಅಂದ್ರೆ ನನ್ನದೊಂದೇ. ದಂಡೆ ಹೋಗಿತ್ತು, ಚಿಪ್ಪು ಹೋಗಿತ್ತು, ನಾಳೆ ಹೆಕ್ಕುವ ಹಕ್ಕೂ ಹೋಗುವುದರಲ್ಲಿತ್ತು. ಈ ಒಂದು ಹೆಮ್ಮೆಯನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಗೊತ್ತಾಗದಿದ್ದರೆ ಏನು ಗಂಟು ಹೋಗುತ್ತದೆ ಎಂದುಕೊಂಡು ಎದ್ದು ಬಂದಳು.

ಸೋಮವಾರ ವಿಚಾರಣೆ. ಉದ್ದನೆಯ ಕೋಣೆ, ಒಂದು ಫ್ಯಾನು ತಿರುಗುತ್ತಿತ್ತು, ಇನ್ನೊಂದು ಸದ್ದು ಮಾತ್ರ ಮಾಡುತ್ತಿತ್ತು. ಎತ್ತರದ ಮೇಜಿನ ಹಿಂದೆ ಸಮಿತಿಯ ಅಧ್ಯಕ್ಷೆ, ಬಲಕ್ಕೆ ಇಸ್ತ್ರಿ ಮುರಿಯದ ಕೋಟಿನಲ್ಲಿ ಕಾರ್ಖಾನೆಯ ವಕೀಲರು, ಎಡಕ್ಕೆ ಬೆಂಚುಗಳ ತುಂಬ ಚಿಪ್ಪು ಹೆಕ್ಕುವವರು. ಮುಂದಿನ ಸಾಲಿನಲ್ಲಿ ಒಗೆದ ಅಂಗಿ ತೊಟ್ಟ ಅಪ್ಪ. ಜರಡಿಯಕ್ಕ ಸಾಹೇಬರ ಹಿಂದೆ ಕಡತಗಳನ್ನು ಹಿಡಿದು ನಿಂತಿದ್ದಳು. ಗಾಜಿನ ತಟ್ಟೆ ಅವಳ ಚೀಲದಲ್ಲಿತ್ತು.

ವರದಿ ಓದಿ ಮುಗಿಸುವುದಕ್ಕೂ ಮೊದಲೇ ಅಪ್ಪ ಎದ್ದ. "ಅಮ್ಮಾ, ಇದರಲ್ಲಿರೋದೆಲ್ಲ ತಲೆಕೆಳಗು! ನಮ್ಮ ಕಾಲ ಕೆಳಗಿನ ಕೆಸರು ನಮಗೆ ಗೊತ್ತಿಲ್ವಾ? ಯಾರೋ ಇದರಲ್ಲಿ ಕೈಯಾಡಿಸಿದ್ದಾರೆ. ಯಾರು ಅಂತ ಹೇಳಿಸಿ!"

ಹೊಟ್ಟೆಯುರಿಗೆ ಆಡಿದ ಮಾತು ಅದು. ಅದರಷ್ಟು ನಿಜ ಅವತ್ತು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಅಧ್ಯಕ್ಷೆ ಅಪ್ಪನನ್ನು ಕೂರಿಸಿ ಸಾಹೇಬರ ಕಡೆ ತಿರುಗಿದರು. "ಕೊಳವೆ ತಂದು ಇಳಿಸೋವಾಗ ತಪ್ಪಾಗಿರೋ ಸಾಧ್ಯತೆ ಇದೆಯಾ?"

"ಇಲ್ಲವೇ ಇಲ್ಲ ಮೇಡಂ. ನಾನೇ ಇದ್ದೆ."

"ರಿಜಿಸ್ಟರಿನಲ್ಲಿ ಸಹಿ ಬೇರೆಯವರದ್ದಿದೆ."

"ನನ್ನದು ಮೇಡಂ," ಎಂದು ಜರಡಿಯಕ್ಕ ಮುಂದೆ ಬಂದಳು. ಸಾಹೇಬರು ಕಣ್ಣಲ್ಲೇ ಅವಳನ್ನು ತಡೆಯಲು ನೋಡಿದರು. ಅವಳು ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. "ತಪ್ಪಾಗಿದೆ. ಐದು ಕೊಳವೇನೂ ತಲೆಕೆಳಗಾಗಿ ಓದಿದ್ದೀವಿ. ಈ ಮರಿಗಳು ತಳದ ಪದರದಲ್ಲಿ ಸಿಕ್ಕವು. ಮಾಂಸ ಇನ್ನೂ ಇದೆ, ನೋಡಿ. ಮರಿ ಇರೋದು ಮೇಲಿನ ಎರಡು ಬೆರಳಲ್ಲಿ ಮಾತ್ರ. ಉಳಿದ ಕೆಸರು ಫ್ರೀಜರಲ್ಲಿದೆ, ಯಾರನ್ನ ಬೇಕಾದ್ರೂ ಕರೆಸಿ ಪರೀಕ್ಷೆ ಮಾಡಿಸಿ. ಇಳಿಸ್ಕೊಳ್ಳೋವಾಗ ಗುರುತು ಅಳಿಸಿತ್ತು. ನಾನೇ ಬಾಣ ತಪ್ಪು ಬರೆದೆ."

ಅಧ್ಯಕ್ಷೆ ತಟ್ಟೆಯ ಮೇಲೆ ಬಗ್ಗಿ ನೋಡಿ ಸಾಹೇಬರತ್ತ ತಿರುಗಿದರು.

"ಡಾಕ್ಟರೇ, ಗುರುತು ಮಾತ್ರ ತಪ್ಪಾಗಿದ್ರೆ ಅಂಕಿ ಬದಲಾಗುತ್ತಾ?"

"ಅಂಕಿ... ಬದಲಾಗಲ್ಲ ಮೇಡಂ."

"ತಿರುಗಿಸಿ ಓದಿದ್ರೆ ಮರದ ನಾರು ಯಾವ ಕಾಲದ್ದಾಗುತ್ತೆ?"

ಸಾಹೇಬರು ವರದಿಯ ಹಾಳೆ ತಿರುವಿದರು. "ಕಳೆದ ಇಪ್ಪತ್ತನಾಲ್ಕು ವರ್ಷದ್ದು."

ಕಾರ್ಖಾನೆಯ ವಕೀಲರು ಎದ್ದರು, ಏನೂ ಹೊಳೆಯದೆ ಮತ್ತೆ ಕೂತರು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷೆ ಪೆನ್ನು ಕೈಗೆತ್ತಿಕೊಂಡರು. ಜರಡಿಯಕ್ಕನಿಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಬಂತು. ಇನ್ನು ಎರಡು ನಿಮಿಷ ಯಾರೂ ಬಾಯಿ ಬಿಡದಿದ್ದರೆ ಸಾಕಿತ್ತು.

ಸಾಹೇಬರಿಗೆ ತಮ್ಮ ಚರ್ಮ ಉಳಿಸಿಕೊಳ್ಳುವ ಅವಸರ. "ಮೇಡಂ, ಇದು ಪೂರ್ತಿ ಇವಳೊಬ್ಬಳ ಬೇಜವಾಬ್ದಾರಿ. ಹದಿನಾಲ್ಕು ವರ್ಷದಿಂದ ಹೇಳ್ಕೊಟ್ಟರೂ ಮೇಲು ಕೆಳಗು ಗೊತ್ತಾಗಲ್ಲ ಅಂದ್ರೆ ಏನು ಮಾಡೋದು? ಇವತ್ತೇ ಕೆಲಸದಿಂದ ತೆಗೀತೀನಿ."

ಅಪ್ಪ ತಿಂಗಳಿಂದ ಮಗಳ ಮೇಲೆ ಹಲ್ಲು ಕಡಿದವನು. ಆದರೆ ಬೇರೆಯವನೊಬ್ಬ, ಅದೂ ದೋಣಿಯಲ್ಲಿ ಸತ್ತಂತೆ ಬಿದ್ದಿದ್ದವನು, ತುಂಬಿದ ಸಭೆಯಲ್ಲಿ ಅವಳನ್ನು ಬೈಯುವುದು ಅವನಿಗೆ ತಡೆಯಲಾಗಲಿಲ್ಲ.

"ಏಯ್, ಯಾರಿಗೆ ಹೇಳ್ತಿದ್ದೀಯ ಮೇಲು ಕೆಳಗು ಗೊತ್ತಿಲ್ಲ ಅಂತ? ನನ್ನ ಮಗಳು ಆ ಬಾಣ ಮುಟ್ಟೇ ಇಲ್ಲ!"

"ಅಪ್ಪ, ಕೂತ್ಕೋ," ಎಂದು ಜರಡಿಯಕ್ಕ ಕೂಗಿದಳು.

"ನೀನು ಸುಮ್ಮನಿರು ಮಗಾ. ಇವನ ಭಯಕ್ಕೆ ಮಾಡದ ತಪ್ಪು ಮೈಮೇಲೆ ಹಾಕ್ಕೋಬೇಡ." ಅಪ್ಪ ಅಧ್ಯಕ್ಷೆಯ ಮೇಜಿನ ತನಕ ನಡೆದು ಬಂದಿದ್ದ. "ಬಾಣ ಬರ್ದಿದ್ದು ನಾನಮ್ಮ. ಈ ಕೈಯಲ್ಲೇ. ಮುಚ್ಚಳ ಸೋರ್ತಿತ್ತು, ಕೊಳವೆ ಬೋರಲು ಹಾಕ್ದೆ, ಹಳೇದು ಒರೆಸಿ ಐದಕ್ಕೂ ಹೊಸದಾಗಿ ಮೇಲಕ್ಕೆ ಬಾಣ..."

ಅಲ್ಲಿಗೆ ಅವನ ಮಾತು ನಿಂತಿತು. ಕಣ್ಣು ಗಾಜಿನ ತಟ್ಟೆಯ ಮೇಲೆ ಬಿದ್ದಿತ್ತು. ಮೂರು ಮರಿಗಳು. ಅಪ್ಪನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಮರಿ ಎಷ್ಟು ಆಳದಲ್ಲಿರುತ್ತದೆ ಎಂದು ಮಗಳಿಗೆ ಹೇಳಿಕೊಟ್ಟವನೇ ಅವನು. ಬಾಣ ಬರೆದ ಕೈ ಗಾಳಿಯಲ್ಲೇ ಉಳಿಯಿತು. ಅವನು ಅದನ್ನು ಮೆಲ್ಲಗೆ ಕೆಳಗಿಳಿಸಿದ.

ವಕೀಲರು ಈಗ ನಿಧಾನವಾಗಿ ಎದ್ದರು. "ಮೇಡಂ, ಇವರು ಮೊದಲನೇ ಅರ್ಜಿದಾರರು. ಸ್ಯಾಂಪಲ್ ಇಳಿಸಿಕೊಂಡವರು ಇವರ ಮಗಳಂತೆ. ಈಗಷ್ಟೇ ಸಭೆಯೆದುರು ಇವರೇ ಹೇಳಿದರು. ನನ್ನದೇನೂ ಮಾತಿಲ್ಲ."

ಹೆಚ್ಚು ಹೊತ್ತು ಬೇಕಾಗಲಿಲ್ಲ. ಐದು ಕೊಳವೆಗಳನ್ನೂ ಸಾಕ್ಷಿಯಿಂದ ತೆಗೆದರು. ಸಾಕ್ಷಿಯಿಲ್ಲದ ಅರ್ಜಿಯನ್ನು 'ಅರ್ಜಿದಾರರ ಹಸ್ತಕ್ಷೇಪದ ಕಾರಣ' ಎಂದು ಬರೆದು ವಜಾ ಮಾಡಿದರು. ಎರಡು ವರ್ಷ ಚಿಪ್ಪು ಹೆಕ್ಕುವಂತಿಲ್ಲ ಎಂಬುದು ಹಾಗೇ ಉಳಿಯಿತು, ಕಾರ್ಖಾನೆಗೆ ತನ್ನ ಎರಡನೆಯ ಕೊಳವೆ ಹಾಕಲು ಹೂಳು ಅಗೆಯುವ ಅಪ್ಪಣೆಯೂ ಸಿಕ್ಕಿತು. ಅಗೆದ ಮೇಲೆ ಮತ್ತೆ ಪರೀಕ್ಷೆ ಮಾಡಲು ಅಲ್ಲಿ ಕೆಸರೇ ಇರುವುದಿಲ್ಲ. ಅಪ್ಪನ ಮೇಲೆ ಕೇಸು ಬೇಡ, ವಯಸ್ಸಾದವರು ಎಂದು ಕಾರ್ಖಾನೆಯ ವಕೀಲರೇ ಔದಾರ್ಯ ತೋರಿಸಿದರು. ಬೆಂಚುಗಳಿಂದ ಎದ್ದವರಲ್ಲಿ ಒಬ್ಬರೂ ಅಪ್ಪನನ್ನು ಮಾತಾಡಿಸಲಿಲ್ಲ. ಒಬ್ಬಾತ ಮಾತ್ರ ಹೊಸ್ತಿಲಲ್ಲಿ ಉಗಿದು ಹೋದ.

ಎಲ್ಲರೂ ಹೋದ ಮೇಲೆ ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಕೂತ. ಜರಡಿಯಕ್ಕ ಒಂದು ಮೆಟ್ಟಿಲು ಕೆಳಗೆ ಕೂತಳು. ಬಿಸಿಲು ನೆತ್ತಿಗೆ ಬಂದಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?" ಅಪ್ಪ ಕೇಳಿದ.

"ಬುಧವಾರ."

"ಅವತ್ತು ಅಂಗಳದಲ್ಲಿ ಬಂದು ಕೇಳಿದ್ಯಲ್ಲ, ಅವತ್ತೇ?"

"ಹೂಂ."

ಅಪ್ಪ ಬೆರಳು ಮಡಚಿ ದಿನ ಎಣಿಸಿದ. "ಐದು ದಿನ ಆಯ್ತು. ಯಾಕೆ ಹೇಳಲಿಲ್ಲ?"

"ನಿನಗೆ ನೋವಾಗುತ್ತೆ ಅಂತಪ್ಪ. ನಿನ್ನ ಹೆಸರು ಬರದ ಹಾಗೆ ಮುಗಿಸಿಬಿಡೋಣ ಅಂದ್ಕೊಂಡೆ."

ಅವನು ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತ.

"ನೋವು ತಡ್ಕೋತಿದ್ದೆ ಮಗಾ. ಒಂದು ಮಾತು ಹೇಳಿದ್ದಿದ್ರೆ ಇವತ್ತು ಬಾಯಿ ಮುಚ್ಕೊಂಡು ಕೂತಿರ್ತಿದ್ದೆ."

ಅಷ್ಟು ಹೇಳಿ ಮೆಟ್ಟಿಲಿಳಿದು ನಡೆದ. ರಸ್ತೆಯ ತಿರುವಿನಲ್ಲಿ ಮಗಳು ಬರುವ ತನಕ ನಿಲ್ಲುವುದು ಅವಳು ಚಿಕ್ಕವಳಿದ್ದಾಗಿನಿಂದ ಅವನ ರೂಢಿ. ಅವತ್ತು ನಿಲ್ಲಲಿಲ್ಲ.